ಗಣಿತಸಾರಸಂಗ್ರಹದ ಹಾರಸಂಖ್ಯೆಗಳೂ ಅವಿಭಾಜ್ಯತೆಯ ಪ್ರಶ್ನೆಯೂ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಪ್ರತ್ಯುತ್ಪನ್ನ, ಎಂದರೆ ಗುಣಾಕಾರ, ಪ್ರಕರಣದಲ್ಲಿ ಕೆಲವು ಚೆಲುವಾದ ಲಬ್ಧಗಳನ್ನು ಕಂಠಾಭರಣಕ್ಕೆ ಹೋಲಿಸಿದ್ದಾನೆ. 152207ನ್ನು 73ರಿಂದ ಗುಣಿಸಿದರೆ 11111111. 12345679ನ್ನು 9ರಿಂದ ಗುಣಿಸಿದರೆ 111111111. ಒಂದರ ಅಂಕವೇ ಮಣಿಗಳಂತೆ ಪೋಣಿಸಿಕೊಂಡ ಈ ಸಂಖ್ಯೆಗಳನ್ನು ಕಂಡು, ಆಚಾರ್ಯನಿಗೆ ಬೃಹತ್ ಅವಿಭಾಜ್ಯ ಸಂಖ್ಯೆಗಳ ತತ್ತ್ವವೂ ತಿಳಿದಿತ್ತೆಂದು ಊಹಿಸುವ ಉತ್ಸಾಹ ಸಹಜವೇ. ಆದರೆ ಈ ಊಹೆಗೆ ಗ್ರಂಥದ ಆಧಾರವಿದೆಯೇ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಒಂದರ ಅಂಕಗಳ ಹಾರವು ಅವಿಭಾಜ್ಯವಾಗಬೇಕಾದರೆ ಮಣಿಗಳ ಎಣಿಕೆಯೂ ಅವಿಭಾಜ್ಯವಾಗಿರಲೇಬೇಕು. ಎಂಟು ಮಣಿಗಳ ಹಾರವನ್ನು ನಾಲ್ಕು ನಾಲ್ಕಾಗಿ ವಿಂಗಡಿಸಬಹುದಾದುದರಿಂದ 1111 ಅದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಆದರೆ ಈ ನಿಯಮ ಸಾಕಾಗದು: ಮೂರು ಮಣಿಗಳ 111 ಎಂಬುದು 3 ಮತ್ತು 37ರ ಗುಣಲಬ್ಧ, ಐದರದು 41 ಮತ್ತು 271ರದು, ಏಳರದು 239 ಮತ್ತು 4649ರದು. ಎರಡು ಮಣಿಗಳ 11ರ ಬಳಿಕ 19, 23, 317, 1031 ಮಣಿಗಳ ಹಾರಗಳು ಮಾತ್ರ ಅಭೇದ್ಯವಾಗಿ ನಿಂತಿವೆ. ಅನಂತರದ್ದು 49081 ಮಣಿಗಳದು. ಅದು ಅವಿಭಾಜ್ಯವಿರಬಹುದೆಂದು 1999ರಲ್ಲಿಯೇ ಕಂಡುಬಂದರೂ ಸಿದ್ಧಪ್ರಮಾಣ ದೊರೆತದ್ದು 2022ರಲ್ಲಿ.

ಆಚಾರ್ಯನ ಎಂಟು ಮತ್ತು ಒಂಬತ್ತು ಮಣಿಗಳ ಹಾರಗಳೆರಡೂ ಒಡೆಯುವಂಥವೇ. ಇದು ಆಕಸ್ಮಿಕವಲ್ಲ. ಗುಣಾಕಾರವನ್ನು ಬೋಧಿಸುವವನಿಗೆ ಒಡೆಯದ ಸಂಖ್ಯೆಯಿಂದ ಪ್ರಯೋಜನವಿಲ್ಲ. ಅದನ್ನು ಒಂದರಿಂದಲ್ಲದೆ ಬೇರೆ ಯಾವುದರಿಂದಲೂ ಗುಣಿಸಿ ಪಡೆಯಲಾಗದು. ಆದುದರಿಂದ ಈ ಉದಾಹರಣೆಗಳು ಅಪವರ್ತನಗಳ ಕುಶಲ ಶೋಧನೆಗೆ ಸಾಕ್ಷಿ, ಅವಿಭಾಜ್ಯತೆಯ ವಿಚಾರಕ್ಕಲ್ಲ.

ಹಾಗೆಂದು ಇವುಗಳ ಬೆಲೆ ಕುಂದುವುದಿಲ್ಲ; ಹಸ್ತಪ್ರತಿ ಶೋಧಕನಿಗೆ ಅದು ಬೇರೆಡೆಯಲ್ಲಿದೆ. ಪದ್ಯದಲ್ಲಿ ಸಂಖ್ಯೆಗಳು ಭೂತಸಂಖ್ಯಾ ಶಬ್ದಗಳಲ್ಲಿ, ಬಲದಿಂದ ಎಡಕ್ಕೆ ಬರುತ್ತವೆ. ತತ್ತ್ವ ಶಬ್ದಕ್ಕೆ ಇತರರು 25 ಎಂದರೆ, ಸಪ್ತತತ್ತ್ವಗಳನ್ನು ಒಪ್ಪುವ ಜೈನರಲ್ಲಿ ಅದು 7. ಲಿಪಿಕಾರನು ಕ್ರಮ ತಪ್ಪಿ 73ನ್ನು 37 ಎಂದು ಬರೆದನೆನ್ನೋಣ. ಲಬ್ಧ 5631659 ಆಗಿ ಹಾರವೇ ಹರಿಯುತ್ತದೆ. ತಪ್ಪು ತಾನಾಗಿಯೇ ಬಯಲಾಗುತ್ತದೆ. ಓಲೆಯ ಸವೆದ ಅಕ್ಷರವನ್ನು ಹೀಗೆ ಗಣಿತವೇ ತುಂಬಿಕೊಡುವ ಸಂದರ್ಭಗಳು ವಿರಳ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. 1912ರಲ್ಲಿ ಮದರಾಸಿನಿಂದ ರಂಗಾಚಾರ್ಯರ ಆವೃತ್ತಿ ಬಂದ ಮೇಲೆ ಗ್ರಂಥ ಎಲ್ಲರ ಕೈಗೂ ಎಟುಕಿತು. ಮುಂದಿನ ಸಂಪಾದಕರು ಚೆಲುವಾದ ಲಬ್ಧಕ್ಕಾಗಿ ಪಾಠವನ್ನು ತಿದ್ದಿದರೆ, ಓಲೆಯಲ್ಲಿದ್ದ ರೂಪವನ್ನು ಅಡಿಯಲ್ಲಿ ಉಳಿಸಲೇಬೇಕು. ಹಾರದ ಸೊಗಸು ಪಾಠನಿರ್ಣಯಕ್ಕೆ ಒಂದು ಆಧಾರವೇ ಹೊರತು ಓಲೆಯ ಸ್ಥಾನವನ್ನು ಆಕ್ರಮಿಸುವ ಪ್ರಮಾಣವಲ್ಲ. ಪೂರ್ವಾಚಾರ್ಯರಿಗೆ ಸಲ್ಲದ ಕೀರ್ತಿಯನ್ನು ಹೊರಿಸುವುದಕ್ಕಿಂತ, ಸಲ್ಲುವುದನ್ನು ಸರಿಯಾಗಿ ಗುರುತಿಸುವುದೇ ನಿಜವಾದ ಗೌರವ.