ಹೋಮ್ಸನ ಚೀಟಿ, ನಮ್ಮೂರ ಮೂಗರ್ಜಿ

ಪರೀಕ್ಷೆಯ ಹಿಂದಿನ ದಿನ ಸಿಲಬಸ್ಸಿನಲ್ಲಿ ಇಲ್ಲದ ಪುಸ್ತಕ ಓದೋದು ಹಾಸ್ಟೆಲಿನಲ್ಲಿದ್ದ ಬಹುತೇಕರ ಚಟ. ನಾನು ಹಾಗೆ ಓದಿದ್ದು ಶರ್ಲಾಕ್ ಹೋಮ್ಸ್. ಅದರಲ್ಲಿ 1893ರಲ್ಲಿ ಬಂದ 'ದಿ ರೈಗೇಟ್ ಸ್ಕ್ವೈರ್ಸ್' ಅನ್ನೋ ಕತೆ ತಲೆಯಲ್ಲಿ ಕೂತುಬಿಟ್ಟಿತ್ತು. ಮೊನ್ನೆ ಮತ್ತೆ ಓದಿದೆ. ಈ ಸಲ ಅದು ಮೊದಲಿನಂತೆ ಕಾಣಲಿಲ್ಲ. ಯಾಕೆ ಅಂತ ಹೇಳ್ತೀನಿ.

ಕತೆ ಇಷ್ಟು. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಸಾಹುಕಾರರ ಮನೆಯ ಗಾಡಿ ಹೊಡೆಯುವವನ ಕೊಲೆಯಾಗುತ್ತೆ. ಸತ್ತವನ ಮುಷ್ಟಿಯಲ್ಲಿ ಹರಿದ ಚೀಟಿಯ ಒಂದು ಮೂಲೆ, ಅದರ ಮೇಲೆ ಬೆರಳೆಣಿಕೆಯಷ್ಟು ಪದ. ಹೋಮ್ಸ್ ಅದನ್ನ ನೋಡಿ ಹೇಳ್ತಾನೆ: ಇದನ್ನ ಬರೆದವರು ಇಬ್ಬರು, ಒಂದು ಪದ ಒಬ್ಬ, ಮುಂದಿನ ಪದ ಇನ್ನೊಬ್ಬ, ಒಬ್ಬ ಹರೆಯದವ, ಇನ್ನೊಬ್ಬ ವಯಸ್ಸಾದವ, ಇಬ್ಬರೂ ರಕ್ತಸಂಬಂಧಿಗಳು. ಕೊನೆಗೆ ಆ ಸಾಹುಕಾರ ಮನೆತನದ ಅಪ್ಪ-ಮಗನೇ ಸಿಕ್ಕಿಬೀಳ್ತಾರೆ.

ಓದುವಾಗ ಮೈ ಜುಮ್ಮೆನ್ನುತ್ತೆ, ಸುಳ್ಳಲ್ಲ. ಆದರೆ ಹೋಮ್ಸ್ ಹೇಳಿದ್ದೆಲ್ಲಾ ಒಂದೇ ತೂಕದ ಮಾತಲ್ಲ. 'ಕ್ವಾರ್ಟರ್' ಅನ್ನೋ ಪದವನ್ನ ಎರಡು ಪದಗಳ ನಡುವೆ ಇಕ್ಕಟ್ಟಿನಲ್ಲಿ ತುರುಕಿದ್ದಾರೆ, ಅಂದ್ರೆ ಅಕ್ಕಪಕ್ಕದ ಪದಗಳು ಮೊದಲೇ ಇದ್ದವು ಅನ್ನೋದು ಗಟ್ಟಿ ಮಾತು. ಅದು ಕಾಗದದ ಮೇಲೆ ಕಣ್ಣಿಗೆ ಕಾಣೋ ಸಂಗತಿ. ಯಾವುದನ್ನ ಮೊದಲು ಬರೆದರು, ಯಾವುದನ್ನ ಆಮೇಲೆ ಸೇರಿಸಿದರು ಅನ್ನೋದನ್ನ ಇವತ್ತಿನ ದಾಖಲೆ ಪರೀಕ್ಷಕರೂ ಹೀಗೇ ನೋಡ್ತಾರೆ. ಬರೆದವನ ವಯಸ್ಸು ಹೇಳೋದು ಅಷ್ಟು ಗಟ್ಟಿಯಲ್ಲ. ಕೈ ನಡುಗೋದು ಮುಪ್ಪಿನಿಂದಲೂ ಇರಬಹುದು, ಜ್ವರದಿಂದಲೂ ಇರಬಹುದು, ಕುಂತು ಬರೆದ ಜಾಗದಿಂದಲೂ ಇರಬಹುದು. ಇನ್ನು ರಕ್ತಸಂಬಂಧದ ಮಾತಿದೆಯಲ್ಲ, ಅಲ್ಲಿಗೆ ಬಂದಾಗ ನಾನು ಪುಸ್ತಕ ಕೆಳಗಿಟ್ಟೆ. ಕಾರಣ ಏಳನೇ ಇಯತ್ತೆಯಲ್ಲಿ ನಾನೇ ಮಾಡಿದ ಒಂದು ಕೆಲಸ.

ನಮ್ಮೂರು ಹಾನಗಲ್ಲ ತಾಲೂಕಿನ ಒಂದು ಸಣ್ಣ ಹಳ್ಳಿ. ಆಗ ಊರಿನ ಸೊಸೈಟಿಯ ಸಾಲ ಹಂಚಿಕೆ ಬಗ್ಗೆ ಯಾರೋ ಮೇಲಿನ ಆಫೀಸಿಗೆ ಮೂಗರ್ಜಿ ಹಾಕಿದ್ದರು. ಅದರ ಝೆರಾಕ್ಸ್ ಹೆಂಗೋ ವಾಪಸ್ ಊರಿಗೇ ಬಂತು. ಅಗಸಿ ಕಟ್ಟೆ ಮೇಲೆ ಹಿರಿಯರು ಕೂಡಿದರು. ಸಾಲ್ಯಾಗ ನನ್ನ ಅಕ್ಷರ ಚಲೋ ಅಂತ ಹೆಸರಾಗಿತ್ತು, ಅದಕ್ಕೆ ನನ್ನನ್ನ ಕರೆಸಿದರು.

"ತಮ್ಮಾ, ಇದು ಯಾರ ಅಕ್ಷರ ಐತಿ ನೋಡು."

ನಾನು ನೋಡಿದೆ. 'ಳ' ಅಕ್ಷರದ ಬಾಲ ಕೆಳಗೆ ಇಳಿದು ಎಡಕ್ಕೆ ಹೊಳ್ಳಿತ್ತು. ಒತ್ತಕ್ಷರಗಳು ಗೆರೆಗಿಂತ ಬಹಳ ಕೆಳಗೆ ಕೂತಿದ್ದವು. ನಮ್ಮ ಮನೆಯಿಂದ ಮೂರು ಮನೆ ಆಚೆ ಒಬ್ಬ ಕಾಕಾ ಇದ್ದ. ಎಸ್ಸೆಸ್ಸೆಲ್ಸಿ ನಪಾಸಾಗಿದ್ದರೂ ಊರವರ ಪತ್ರ, ಅರ್ಜಿ ಎಲ್ಲಾ ಅವನೇ ಬರೆದುಕೊಡೋದು. ಅವನ ಅಕ್ಷರ ನನಗೆ ಕಣ್ಣಿಗೆ ಕಟ್ಟಿದಂಗ ಇತ್ತು. ಹತ್ತಾರು ಮಂದಿ ನನ್ನ ಬಾಯಿ ನೋಡ್ತಾ ಇದ್ದರು.

"ಕಾಕಾಂದು ಐತ್ರಿ" ಅಂದೆ.

ಪೊಲೀಸು, ಕೇಸು ಏನೂ ಆಗಲಿಲ್ಲ. ಅಷ್ಟೊಂದು ಬೇಕಾಗಿಯೂ ಇರಲಿಲ್ಲ. ಅವತ್ತಿನಿಂದ ಕಾಕಾನ ಹತ್ತಿರ ಯಾರೂ ಅರ್ಜಿ ಬರೆಸಲಿಲ್ಲ, ಕೂಲಿಗೆ ಕರೆಯಲಿಲ್ಲ. ಎಂಟು ತಿಂಗಳಿಗೆ ಅವನು ಹೆಂಡತಿ ಮಕ್ಕಳನ್ನ ಕರ್ಕೊಂಡು ಊರು ಬಿಟ್ಟ.

ಈಗ ವಿಜ್ಞಾನದ ಮಾತಿಗೆ ಬರ್ತೀನಿ. ಕೈಬರಹ ಪರೀಕ್ಷೆ ನಿಂತಿರೋದು ಎರಡು ತಿಳುವಳಿಕೆ ಮೇಲೆ. ಇಬ್ಬರ ಬರವಣಿಗೆ ಪೂರ್ತಿ ಒಂದೇ ಥರ ಇರೋದಿಲ್ಲ. ಒಬ್ಬನೇ ಎರಡು ಸಲ ಬರೆದರೂ ಅದು ಪೂರ್ತಿ ಒಂದೇ ಥರ ಇರೋದಿಲ್ಲ. ಹಂಗಾಗಿ ಪರೀಕ್ಷಕನ ಕೆಲಸ ಬರೀ ಹೋಲಿಕೆ ಹುಡುಕೋದಲ್ಲ. ಈ ವ್ಯತ್ಯಾಸ ಒಬ್ಬನೇ ಮನುಷ್ಯನ ದಿನನಿತ್ಯದ ಹೊಯ್ದಾಟವೋ, ಬೇರೆ ಮನುಷ್ಯನದೋ ಅಂತ ತೂಗೋದು. ಅದಕ್ಕೆ ತಕರಾರು ಹುಟ್ಟೋದಕ್ಕಿಂತ ಮೊದಲು ಸಹಜವಾಗಿ ಬರೆದ ಹಾಳೆಗಳು ಬೇಕು, ಒಂದಲ್ಲ, ಬಹಳಷ್ಟು. ಪೆನ್ನು ಎಲ್ಲಿ ಎತ್ತಿದ, ಎಲ್ಲಿ ಒತ್ತಿದ, ಗೆರೆ ಸರಾಗ ಹರಿದಿದೆಯೋ ತಡವರಿಸಿದೆಯೋ ಎಲ್ಲಾ ನೋಡಬೇಕು. ಝೆರಾಕ್ಸಿನಲ್ಲಿ ಪೆನ್ನಿನ ಒತ್ತಡ ಕಾಣೋದೇ ಇಲ್ಲ. ನಾನು ನೋಡಿದ್ದು ಝೆರಾಕ್ಸು, ಹೋಲಿಸಿದ್ದು ನೆನಪಿನ ಜೊತೆ.

ಎಲ್ಲಕ್ಕಿಂತ ಮುಖ್ಯ ಇನ್ನೊಂದಿದೆ. ಅಕ್ಷರದಲ್ಲಿ ಕೆಲವು ಗುಣ ಗುಂಪಿನವು, ಕೆಲವು ಮಾತ್ರ ಆ ಒಬ್ಬನವು. ಒಂದೇ ಸಾಲಿಯಲ್ಲಿ, ಒಬ್ಬರೇ ಮಾಸ್ತರ ಕೈಯಲ್ಲಿ, ಒಂದೇ ಥರ ಕಾಪಿ ತಿದ್ದಿದವರಿಗೆಲ್ಲಾ ಗುಂಪಿನ ಗುಣ ಬಂದೇ ಬರುತ್ತೆ. ನಮ್ಮ ಹಾನಗಲ್ಲ, ಹಿರೇಕೆರೂರ ಕಡೆ ಶಾಸನದ ಕಲ್ಲುಗಳಿಗೇನು ಕಡಿಮೆ? ತಿಳಿದವರು ಅದರ ಲಿಪಿ ನೋಡಿ ಯಾವ ಕಾಲದ್ದು ಅಂತ ಅಂದಾಜು ಹೇಳ್ತಾರೆ. ಆ ಕಾಲದವರು ಬರೆಯೋದು ಕಲಿತ ರೀತಿ ಅದರಲ್ಲಿ ಇರುತ್ತೆ. ಆದರೆ ಲಿಪಿಯ ಕಾಲ ಗೊತ್ತಾದ ಮಾತ್ರಕ್ಕೆ ಕೊರೆದವನ ಹೆಸರು ಗೊತ್ತಾಗೋದಿಲ್ಲ. ಹೋಮ್ಸ್ ಅಪ್ಪ-ಮಗನ ಅಕ್ಷರದಲ್ಲಿ ರಕ್ತ ಕಂಡಿದ್ದು ಇದೇ ತಪ್ಪು. ಒಂದೇ ಮನೆಯವರ ಅಕ್ಷರ ಹೋಲಬಹುದು, ನಿಜ. ಆದರೆ ಅದೇ ಹೋಲಿಕೆ ಒಬ್ಬನ ತಪ್ಪನ್ನ ಇನ್ನೊಬ್ಬನ ತಲೆಗೆ ಕಟ್ಟೋದಕ್ಕೂ ಸಾಕು.

ಇದಕ್ಕೆ ಲೆಕ್ಕವೂ ಇದೆ. ಅಮೆರಿಕದ ನ್ಯಾಶನಲ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ 2022ರಲ್ಲಿ ಒಂದು ಅಧ್ಯಯನ ಬಂತು. 86 ಜನ ಪರೀಕ್ಷಕರಿಗೆ ಬರಹದ ಜೋಡಿಗಳನ್ನ ಕೊಟ್ಟು ಪರೀಕ್ಷೆ ಮಾಡಿದ್ದರು. ಬೇರೆಯವರು ಬರೆದದ್ದನ್ನ 'ಇವನೇ ಬರೆದದ್ದು' ಅಂತ ತಪ್ಪಾಗಿ ಹೇಳಿದ್ದು 3.1 ಪ್ರತಿಶತ. ಅದೇ ಅವಳಿ-ಜವಳಿಗಳ ಬರಹ ಕೊಟ್ಟಾಗ ಆ ತಪ್ಪು 8.7ಕ್ಕೆ ಏರಿತು, ಉಳಿದವರದ್ದರಲ್ಲಿ 2.5 ಇತ್ತು.

ನೂರಕ್ಕೆ ಮೂರು ಅಂದ್ರೆ ಸಣ್ಣದು ಅನ್ನಿಸುತ್ತೆ. ಆದರೆ ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಕಲಿಯೋ ಪಾಠ ಒಂದಿದೆ: ತಪ್ಪಿನ ಪ್ರಮಾಣ ನೋಡಿದರೆ ಸಾಲದು, ಎಷ್ಟು ಸಲ ಹುಡುಕ್ತೀವಿ ಅನ್ನೋದನ್ನೂ ನೋಡಬೇಕು. ಊರಲ್ಲಿ ಬರೆಯಲು ಬರೋರು 200 ಮಂದಿ ಇದ್ದರೆ, ಬರೆದವನೊಬ್ಬನನ್ನ ಬಿಟ್ಟು ಉಳಿದ 199 ಜನರ ಅಕ್ಷರವನ್ನೂ ಆ ಅರ್ಜಿಗೆ ಹಿಡಿದು ನೋಡಿದರೆ, ಒರಟು ಲೆಕ್ಕಕ್ಕೆ ಆರು ಮಂದಿ ನಿರಪರಾಧಿಗಳು ಸಿಕ್ಕಿಬೀಳ್ತಾರೆ. ಅದೂ ತರಬೇತಾದ ಪರೀಕ್ಷಕ ನೋಡಿದರೆ. ನೋಡಿದವನು ಏಳನೇ ಇಯತ್ತೆಯ ಹುಡುಗ ಆಗಿದ್ದರೆ?

ಹೋಲಿಸೋ ಮಾದರಿಯೇ ಕೆಟ್ಟಿದ್ದರಂತೂ ಕೇಳೋದೇ ಬೇಡ. 1983ರಲ್ಲಿ ಜರ್ಮನಿಯ 'ಸ್ಟರ್ನ್' ಪತ್ರಿಕೆ ಹಿಟ್ಲರನ ದಿನಚರಿ ಸಿಕ್ಕಿತು ಅಂತ ಡಂಗುರ ಹೊಡೆಯಿತು. ಕೈಬರಹ ತಜ್ಞರು ಅಸಲಿ ಅಂದಿದ್ದರು. ಆದರೆ ಅವರಿಗೆ ಹೋಲಿಸೋಕೆ ಕೊಟ್ಟ 'ಅಸಲಿ' ಹಾಳೆಗಳಲ್ಲೇ ಕೊನ್ರಾಡ್ ಕುಯಾವ್ ಅನ್ನೋ ಅದೇ ನಕಲುಗಾರ ಬರೆದದ್ದೂ ಸೇರಿತ್ತು! ಕಡೆಗೆ ಬಯಲಿಗೆಳೆದದ್ದು ಕಾಗದ. ಯುದ್ಧ ಮುಗಿದ ಮೇಲೆ ಬಳಕೆಗೆ ಬಂದ ಬಿಳುಪಿನ ರಾಸಾಯನಿಕ ಅದರಲ್ಲಿತ್ತು.

ಹಾಗಂತ ಈ ವಿದ್ಯೆಯೇ ಬೋಗಸ್ ಅನ್ನೋರ ಸಾಲಿಗೆ ನಾನು ಸೇರೋದಿಲ್ಲ. ಶಿಗ್ಗಾಂವಿ, ಸವಣೂರ ಕೋರ್ಟಿನ ಮುಂದೆ ಒಂದು ದಿನ ನಿಂತರೆ ಸಾಕು, 'ಈ ಸಹಿ ನಂದಲ್ಲರೀ' ಅನ್ನೋ ಮಾತು ಕಿವಿಗೆ ಬೀಳುತ್ತೆ. ಹೊಲದ ಕಾಗದ, ಸಾಲದ ಬಾಂಡು, ಹೆಬ್ಬೆಟ್ಟಿನ ಪಕ್ಕದ ಸಾಕ್ಷಿ ಸಹಿ. ಅಲ್ಲಿ ಪರೀಕ್ಷಕ ಇಲ್ಲದಿದ್ದರೆ ಬಡವನ ಮಾತು ಯಾರು ಕೇಳ್ತಾರೆ?

ನ್ಯಾಯಾಲಯಗಳು ಈ ವಿಷಯದಲ್ಲಿ ಕತೆಗಾರರಿಗಿಂತ ಹುಷಾರಾಗಿವೆ. 1980ರ ಮುರಾರಿ ಲಾಲ್ ಪ್ರಕರಣದಲ್ಲಿ ಕೊಲೆ ನಡೆದ ಕೋಣೆಯಲ್ಲಿ ಹಿಂದಿಯಲ್ಲಿ ಬರೆದ ಚೀಟಿ ಸಿಕ್ಕಿತ್ತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರು ತೀರ್ಪಿನಲ್ಲಿ ಎರಡು ಮಾತು ಹೇಳಿದರು. ಕೈಬರಹ ತಜ್ಞನ ಅಭಿಪ್ರಾಯಕ್ಕೆ ಬೇರೆ ಪುರಾವೆಯ ಬೆಂಬಲ ಇರಲೇಬೇಕು ಅನ್ನೋ ಕಟ್ಟುನಿಟ್ಟಿನ ನಿಯಮ ಇಲ್ಲ. ಆದರೆ ಈ ಶಾಸ್ತ್ರ ಬೆರಳಚ್ಚಿನಷ್ಟು ಪರಿಪೂರ್ಣ ಅಲ್ಲ, ಎಚ್ಚರಿಕೆಯಿಂದ ಹೆಜ್ಜೆ ಇಡಬೇಕು, ತಜ್ಞ ಕೊಡೋ ಕಾರಣಗಳನ್ನ ಸೋಸಿ ನೋಡಬೇಕು. ನಮ್ಮ ಕರ್ನಾಟಕದಿಂದಲೇ ಹೋದ ಒಂದು ಕೊಲೆ ಪ್ರಕರಣದಲ್ಲಿ, 1997ರಲ್ಲಿ, ಹೈಕೋರ್ಟ್ ತಾನೇ ಸಹಿಗಳನ್ನ ಹೋಲಿಸಿ ನೋಡಿದ್ದನ್ನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾನೂನಿನಲ್ಲಿ ಜಡ್ಜಿಗೆ ಆ ಅಧಿಕಾರ ಇದ್ದರೂ ಸ್ವಲ್ಪ ಅನುಮಾನ ಬಂದರೂ ತಜ್ಞರಿಗೆ ಬಿಡೋದು ಒಳ್ಳೇದು ಅಂತು. ಹೈಕೋರ್ಟ್ ಜಡ್ಜಿಗೇ ಈ ಮಾತು ಅಂದ್ರೆ ಅಗಸಿ ಕಟ್ಟೆಯ ಜಡ್ಜಿಗಳಿಗೆ ಏನು ಹೇಳೋದು?

ನಾನು ಮಾಡಿದಂಥ ಕೆಲಸಕ್ಕೂ ಕಾಯ್ದೆಯಲ್ಲಿ ಜಾಗ ಇದೆ. 1872ರ ಸಾಕ್ಷ್ಯ ಕಾಯ್ದೆಯ 47ನೇ ಕಲಮು, ಒಬ್ಬನ ಅಕ್ಷರದ ಪರಿಚಯ ಇರೋರ ಅಭಿಪ್ರಾಯವನ್ನೂ ಕೇಳಬಹುದು ಅನ್ನುತ್ತಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಳಿದಿದೆ. ವ್ಯತ್ಯಾಸ ಒಂದೇ. ಕೋರ್ಟಿನಲ್ಲಾದರೆ ಎದುರಿನ ವಕೀಲ ಎದ್ದು ನಿಂತು, 'ಇದೇ ಥರ ಬರೆಯೋರು ಊರಲ್ಲಿ ಇನ್ನೆಷ್ಟು ಮಂದಿ ಇದ್ದಾರಪ್ಪಾ?' ಅಂತ ಕೇಳ್ತಿದ್ದ. ಕಟ್ಟೆ ಮೇಲೆ ಕಾಕಾನ ಪರ ಯಾರೂ ಕೇಳಲಿಲ್ಲ.

ಹೋಮ್ಸನನ್ನ ಹುಟ್ಟಿಸಿದ ಕಾನನ್ ಡಾಯ್ಲ್‌ಗೇ ಮುಂದೆ ಇದು ಎದುರಾಯಿತು. ಜಾರ್ಜ್ ಎಡಲ್ಜಿ ಅಂತ ಒಬ್ಬ ವಕೀಲ. ಅಪ್ಪ ಮುಂಬಯಿಯ ಪಾರ್ಸಿ ಮೂಲದವರು, ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿ. 1903ರಲ್ಲಿ ಜಾನುವಾರು ಕೊಯ್ದ ಆರೋಪದ ಮೇಲೆ ಎಡಲ್ಜಿಗೆ ಏಳು ವರ್ಷ ಜೈಲು. ಅಲ್ಲೂ ಮೂಗರ್ಜಿಗಳೇ! ಆ ಪತ್ರ ಬರೆದವನು ಇವನೇ ಅಂತ ಥಾಮಸ್ ಗುರಿನ್ ಅನ್ನೋ ಕೈಬರಹ ತಜ್ಞ ಸಾಕ್ಷಿ ಹೇಳಿದ್ದ. ಅದೇ ಗುರಿನ್ 1896ರಲ್ಲಿ ಅಡಾಲ್ಫ್ ಬೆಕ್ ಅನ್ನೋ ನಿರಪರಾಧಿಯ ಪ್ರಕರಣದಲ್ಲೂ ತಪ್ಪು ಹೇಳಿದ್ದ. ಡಾಯ್ಲ್ ಎಡಲ್ಜಿಯ ಪರ ಪತ್ರಿಕೆಗಳಲ್ಲಿ ಬರೆದು ಹೋರಾಡಿದರು, 1907ರಲ್ಲಿ ಕ್ಷಮೆ ಸಿಕ್ಕಿತು. ಪರಿಹಾರ ಮಾತ್ರ ಸಿಗಲಿಲ್ಲ, ಪತ್ರಗಳನ್ನ ಇವನೇ ಬರೆದಿದ್ದ ಅಂತ ಸರ್ಕಾರದ ಸಮಿತಿ ಹಟ ಹಿಡಿಯಿತು. ವಿಚಿತ್ರ ಅಂದ್ರೆ ಡಾಯ್ಲ್ ಕೂಡಾ ಬೇರೊಬ್ಬನ ಕಡೆ ಬೆರಳು ತೋರಿಸಿದರು, ಅವರ ಆಧಾರಗಳಲ್ಲಿ ಅಕ್ಷರದ ಹೋಲಿಕೆಯೂ ಒಂದು. ಬೇರೆಯವರ ತಪ್ಪು ಕಂಡವರಿಗೂ ತಮ್ಮ ಕಣ್ಣಿನ ಮೇಲೆ ಅಷ್ಟು ನಂಬಿಕೆ.

ರೈಗೇಟ್ ಕತೆಯ ಬಗ್ಗೆ ನನ್ನ ಕೊನೆಯ ತಕರಾರು ಇದು. ಅದರಲ್ಲಿ ಅಪ್ಪ-ಮಗ ಸಿಕ್ಕಿಬೀಳೋದು ಅಕ್ಷರದಿಂದಲ್ಲ. ಚೀಟಿಯ ಉಳಿದ ಭಾಗ ಅವರ ಮನೆಯ ಅಂಗಿಯ ಜೇಬಿನಲ್ಲಿ ಸಿಗುತ್ತೆ, ಹುಡುಕಲು ಹೋದ ಹೋಮ್ಸನ ಕುತ್ತಿಗೆಯನ್ನೇ ಅವರು ಹಿಚುಕ್ತಾರೆ. ಡಾಯ್ಲ್‌ಗೂ ಅಕ್ಷರ ಒಂದೇ ಸಾಕು ಅನ್ನಿಸಿರಲಿಲ್ಲ. ಆದರೆ ಓದಿದವರ ನೆನಪಲ್ಲಿ ಉಳಿಯೋದು ಜೇಬಲ್ಲ, ಹೋಮ್ಸನ ಕಣ್ಣು. ನಮ್ಮ ಟೀವಿ ಧಾರಾವಾಹಿಗಳೂ ಕಣ್ಣನ್ನೇ ತಗೊಂಡವು, ಜೇಬನ್ನ ಬಿಟ್ಟವು.

ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಸ್ವಚ್ಛ ಮಾಡ್ತಾ ನನ್ನ ಏಳನೇ ಇಯತ್ತೆಯ ಕಾಪಿ ಪುಸ್ತಕ ಸಿಕ್ಕಿತು. ತೆರೆದೆ. ನನ್ನ 'ಳ' ಕೆಳಗೆ ಇಳಿದು ಎಡಕ್ಕೆ ಹೊಳ್ಳಿತ್ತು. ಒತ್ತಕ್ಷರ ಗೆರೆಗಿಂತ ಬಹಳ ಕೆಳಗೆ. ನನಗೂ ಕಾಕಾಗೂ ಅಕ್ಷರ ತಿದ್ದಿಸಿದವರು ಒಬ್ಬರೇ ಮಾಸ್ತರು. ಆ ಸಾಲಿಯಲ್ಲಿ ಮೂವತ್ತು ವರ್ಷ ಕಲಿತ ಎಲ್ಲರಿಗೂ ಅವರೇ.

ಕಾಕಾ ಈಗ ಶಿಗ್ಗಾಂವಿಯಲ್ಲಿದ್ದಾನೆ, ತಹಶೀಲ್ದಾರ ಆಫೀಸಿನ ಹತ್ತಿರ ಒಂದು ಕಂಪ್ಯೂಟರ್ ಇಟ್ಟುಕೊಂಡು. ಹೋಗಿ ಹೇಳಿದೆ. ಕಟ್ಟೆ ಮೇಲೆ ಹೆಸರು ಹೇಳಿದವನು ನಾನೇ ಅಂತ.

"ಗೊತ್ತೈತಿ" ಅಂದ. ಚಹಾ ತರಿಸಿದ. ಆಮೇಲೆ ಕೀಬೋರ್ಡ್ ಕಡೆ ತಿರುಗಿ, "ಈಗ ಎಲ್ಲಾ ನುಡಿಯೊಳಗ ಹೊಡೀತೇನಿ ತಮ್ಮಾ. ಯಾರ ಅಕ್ಷರ ಅಂತ ಯಾರೂ ಕೇಳಂಗಿಲ್ಲ."

ಆ ಮೂಗರ್ಜಿ ಯಾರು ಬರೆದಿದ್ದರು ಅಂತ ಅವನಿಗೂ ಗೊತ್ತಿಲ್ಲ. ನಾನು ಕೇಳಿದ್ದೂ ತಪ್ಪು ಅನ್ನಿಸಿತು.