ಸೈಲೆನ್ಸರಿಗೆ ಮೊದಲಿನ ಡಬ್ಬಿ

ಕಾರಿನ ಎಕ್ಸಾಸ್ಟ್ ಬದಲಿಸಲು ಹೊರಟ ಹವ್ಯಾಸಿ ಮೊದಲು ವಿಚಾರಿಸುವುದು ಹಿಂದಿನ ಕೊಳವೆಯ ಅಗಲವನ್ನು ಮತ್ತು ಅದರ ಸದ್ದನ್ನು. ಕೊನೆಗೆ ವಿಚಾರಿಸುವುದು, ಎಷ್ಟೋ ವೇಳೆ ವಿಚಾರಿಸದೆಯೇ ಬಿಡುವುದು, ಎಂಜಿನ್ನಿಗೂ ಸೈಲೆನ್ಸರಿಗೂ ನಡುವಿನ ಉಕ್ಕಿನ ಡಬ್ಬಿಯನ್ನು. ಗ್ಯಾರೇಜುಗಳಲ್ಲಿ ‘ಕ್ಯಾಟ್’ ಎಂದಷ್ಟೇ ಕರೆಯುವ ಈ ಕ್ಯಾಟಲಿಟಿಕ್ ಕನ್ವರ್ಟರ್ ಜೇನುಗೂಡಿನಂಥ ಒಡಲುಳ್ಳದ್ದು. ಆ ಒಡಲಿನ ಮೇಲೆ ಪ್ಲಾಟಿನಂ, ಪಲ್ಲೇಡಿಯಂ ಮತ್ತು ರೋಡಿಯಂ ಲೋಹಗಳ ತೆಳು ಲೇಪವಿರುತ್ತದೆ. ಈ ಲೋಹಗಳು ವೇಗವರ್ಧಕಗಳು, ಅಂದರೆ ತಾವು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವಂಥವು. ಪೆಟ್ರೋಲ್ ಕಾರುಗಳಲ್ಲಿ ಇವು ಕಾರ್ಬನ್ ಮಾನಾಕ್ಸೈಡ್, ಸುಡದೆ ಉಳಿದ ಇಂಧನ, ಸಾರಜನಕದ ಆಕ್ಸೈಡುಗಳು ಎಂಬ ಮೂರನ್ನೂ ಒಟ್ಟಿಗೇ ಪಳಗಿಸುತ್ತವೆ. ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತಾದರೂ, ಲೇಪವನ್ನು ಕೆಡಿಸುವ ಸೀಸ ಬೆರೆತ ಪೆಟ್ರೋಲು ದೇಶದಿಂದ ಪೂರ್ತಿ ತೊಲಗಿದ್ದು 2000ದಲ್ಲಿ.

ಬದಲಿ ಕ್ಯಾಟ್ ಕೊಳ್ಳುವವರ ಬಾಯಲ್ಲಿ ಸದಾ ಆಡುವ ಸಂಖ್ಯೆ ರಂಧ್ರಗಳದ್ದು. ಕಂಪನಿಯ ಕ್ಯಾಟಿನಲ್ಲಿ ಒಂದು ಚದರ ಅಂಗುಲಕ್ಕೆ ಸಾಮಾನ್ಯವಾಗಿ 400ರಿಂದ 600 ರಂಧ್ರಗಳಿದ್ದರೆ, ‘ಸ್ಪೋರ್ಟ್ಸ್’ ಎಂದು ಮಾರುವವುಗಳಲ್ಲಿ 200, ಪಂದ್ಯದ ಕಾರುಗಳವುಗಳಲ್ಲಿ 100 ಇರುತ್ತವೆ. ರಂಧ್ರ ಕಡಿಮೆಯಾದಷ್ಟೂ ಹೊಗೆ ಸರಾಗವಾಗಿ ಹೊರಬೀಳುತ್ತದೆ, ಆದರೆ ಅದು ಲೇಪವನ್ನು ಸೋಕುವ ಮೇಲ್ಮೈಯೂ ಅಷ್ಟೇ ಕುಗ್ಗುತ್ತದೆ. ಈ ಲೆಕ್ಕದಲ್ಲಿ ಮರೆತುಹೋಗುವುದು ಗೋಡೆಯ ದಪ್ಪ: ಸೆರಾಮಿಕ್ ಒಡಲಿನಲ್ಲಿ ಅದು ಸುಮಾರು 0.15 ಮಿಲಿಮೀಟರ್ ಇದ್ದರೆ ಲೋಹದ ಹಾಳೆ ಸುತ್ತಿ ಮಾಡಿದ ಒಡಲಿನಲ್ಲಿ 0.05ರ ಆಸುಪಾಸಿನಲ್ಲಿರುವುದರಿಂದ, 400 ರಂಧ್ರಗಳ ಲೋಹದ ಕ್ಯಾಟು ಅಷ್ಟೇ ರಂಧ್ರಗಳ ಸೆರಾಮಿಕ್ ಕ್ಯಾಟಿಗಿಂತ ಹೆಚ್ಚು ದಾರಿ ಬಿಡುತ್ತದೆ. ಕುಲುಕಾಟಕ್ಕೂ, ಕಾದಾಗ ನೀರು ಬಿದ್ದರೆ ಉಂಟಾಗುವ ಬಿರುಕಿಗೂ ಅದು ಸುಲಭವಾಗಿ ಬಗ್ಗುವುದಿಲ್ಲ. 2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್‌ಐನಂಥ ಟರ್ಬೊ ಕಾರಿನಲ್ಲಿ, ಟರ್ಬೊ ಚಕ್ರದ ಹಿಂದಿನ ಒತ್ತಡ ಇಳಿದಷ್ಟೂ ಅದು ಚುರುಕಾಗಿ ತಿರುಗುವುದರಿಂದ, ಈ ಬದಲಾವಣೆಯ ಫಲ ಕಾಲಿಗೆ ತಿಳಿಯುತ್ತದೆ. ಟರ್ಬೊ ಇಲ್ಲದ 1.2 ಲೀಟರ್ ಸ್ವಿಫ್ಟಿಗೆ ಇಷ್ಟು ಹಣ ಸುರಿದವರಿಗೆ ಬಹುಮಟ್ಟಿಗೆ ದಕ್ಕುವುದು ಸದ್ದೇ.

ಹೊರನೋಟಕ್ಕೆ ಒಂದೇ ಥರ ಇರುವ ಎರಡು ಡಬ್ಬಿಗಳಲ್ಲಿ ಒಂದರ ಬೆಲೆ ಮತ್ತೊಂದರ ಕಾಲುಭಾಗವೆಂದರೆ ವ್ಯತ್ಯಾಸವನ್ನು ಲೇಪದಲ್ಲಿ ಹುಡುಕಬೇಕು. ಕೆಲವೇ ಗ್ರಾಂ ಅಮೂಲ್ಯ ಲೋಹಕ್ಕಾಗಿ ಗುಜರಾತ್, ಮಹಾರಾಷ್ಟ್ರಗಳಲ್ಲಿ ಈಕೋ ವ್ಯಾನುಗಳ ಸೈಲೆನ್ಸರುಗಳನ್ನೇ ಕಳ್ಳರು ಬಿಚ್ಚಿ ಒಯ್ದಿರುವಾಗ, ಅದೇ ಲೋಹವನ್ನು ಅಗ್ಗದ ದರಕ್ಕೆ ಧಾರಾಳವಾಗಿ ಬಳಿದು ಕೊಡುವ ವ್ಯಾಪಾರಿ ಎಲ್ಲಿಯೂ ಇರಲಾರ. ಲೇಪ ತೆಳುವಾದದ್ದನ್ನು ಮೊದಲು ಪತ್ತೆ ಹಚ್ಚುವುದು ಕಾರಿನ ಕಂಪ್ಯೂಟರೇ. ಕ್ಯಾಟಿನ ಹಿಂದೊಂದು ಮುಂದೊಂದು ಇರುವ ಆಮ್ಲಜನಕದ ಸೆನ್ಸರುಗಳ ಏರಿಳಿತ ಒಂದೇ ಬಗೆಯದಾದರೆ ಕ್ಯಾಟು ಕೆಲಸ ಮಾಡುತ್ತಿಲ್ಲವೆಂದು ಅದು ತೀರ್ಮಾನಿಸಿ, ಪಿ0420 ಎಂಬ ಸಂಕೇತ ದಾಖಲಿಸಿ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಸುತ್ತದೆ. ಎರಡನೆಯ ಸೆನ್ಸರಿಗೆ ಬುಷ್ ಕೊಟ್ಟು ಹೊಗೆಯಿಂದ ದೂರ ಸರಿಸಿ ದೀಪ ಆರಿಸುವ ಕೈಚಳಕವನ್ನು ರಸಿಕತೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಎಮಿಷನ್ ಟೆಸ್ಟಿನ ಚೀಟಿಯೂ ಪೂರ್ಣ ಸಾಕ್ಷಿಯಲ್ಲ. ಪೆಟ್ರೋಲ್ ಕಾರುಗಳಿಗೆ ಅಲ್ಲಿ ಅಳೆಯುವುದು ಕಾರ್ಬನ್ ಮಾನಾಕ್ಸೈಡನ್ನೂ ಸುಡದ ಇಂಧನವನ್ನೂ, ಸಾರಜನಕದ ಆಕ್ಸೈಡುಗಳನ್ನಲ್ಲ. ಕ್ಯಾಟನ್ನೇ ಕಿತ್ತೆಸೆದು ಖಾಲಿ ಕೊಳವೆ ಜೋಡಿಸುವವರಿಗೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ 10,000 ರೂಪಾಯಿವರೆಗಿನ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ ಕಾದಿವೆ.

ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಕಾರು ನಿತ್ಯ ಓಡುವ ದಾರಿ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ತನಕ ಕ್ಯಾಟು ಬಹುಮಟ್ಟಿಗೆ ಸುಮ್ಮನಿರುವುದರಿಂದ, ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ಅಕ್ಕಿ ಗಿರಣಿಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಎರಡೆರಡು ಕಿಲೋಮೀಟರ್ ಓಡುವ ಕಾರಿಗೆ ಎಂಜಿನ್ನಿಗೆ ಹತ್ತಿರ ಕೂರುವ, ಬೇಗ ಬಿಸಿಯಾಗುವ ತೆಳುಗೋಡೆಯ 400 ರಂಧ್ರಗಳ ಕ್ಯಾಟೇ ಸರಿ. ಕುಷ್ಟಗಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ವಾರಕ್ಕೆರಡು ಬಾರಿ ಚಿತ್ರದುರ್ಗದವರೆಗೆ ಓಡುವವರಿಗೆ ಬೇಗ ಕಾಯುವುದಕ್ಕಿಂತ ತಾಸುಗಟ್ಟಲೆ ಕಾವು ತಾಳುವುದು ಮುಖ್ಯ. ಹಳೆಯ ಕಾರು ನೀಲಿ ಹೊಗೆ ಉಗುಳುತ್ತಿದ್ದರೆ ಕ್ಯಾಟಿನ ಮಾತನ್ನು ಬದಿಗಿಟ್ಟು ಮೊದಲು ಪಿಸ್ಟನ್ ರಿಂಗುಗಳನ್ನು ನೋಡಿಸಬೇಕು; ಆಯಿಲ್ ಉರಿದು ಬರುವ ರಂಜಕವು ಎಷ್ಟೇ ದುಬಾರಿ ಲೇಪವನ್ನಾದರೂ ಮುಚ್ಚಿಹಾಕುತ್ತದೆ.

ವಿದೇಶಿ ಕ್ಯಾಟಲಾಗುಗಳಲ್ಲಿ ಕಾಣದ ಒಂದು ಅಗತ್ಯ ಈ ಕೊಪ್ಪಳ ಸೀಮೆಗಿದೆ. ಯಲಬುರ್ಗಾ, ಕುಷ್ಟಗಿ ಕಡೆಯ ಊರುಗಳ ರಸ್ತೆಗಳಲ್ಲಿ ಸುಗ್ಗಿಯ ಹೊತ್ತಿಗೆ ಹುರುಳಿ, ತೊಗರಿಗಳನ್ನು ಹರವಿ ವಾಹನಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸುವ ರೂಢಿಯಿದ್ದು, ಬಳ್ಳಿಯಂಥ ಹುರುಳಿ ಹೊಟ್ಟು ಗಾಲಿಯ ಅಚ್ಚಿಗೆ ಸುತ್ತಿಕೊಂಡು, ಒತ್ತಿ ಓಡಿಸಿದಾಗ ನಾನೂರು ಡಿಗ್ರಿ ಮೀರಿ ಕಾದಿರುವ ಕ್ಯಾಟಿಗೆ ತಗಲಿದರೆ ಹೊತ್ತಿಕೊಳ್ಳಲು ಕಿಡಿಯೂ ಬೇಕಿಲ್ಲ. ಹೀಗೆ ಕಾರು ಸುಟ್ಟ ಸುದ್ದಿ ಕರ್ನಾಟಕದ ಪತ್ರಿಕೆಗಳಿಗೆ ಹೊಸತಲ್ಲ. ಕಂಪನಿಯವರು ಕ್ಯಾಟಿನ ಸುತ್ತ ಹೊದಿಸಿರುವ ತಗಡಿನ ಕವಚವನ್ನು, ಬದಲಿ ಕ್ಯಾಟ್ ಕೂರಿಸುವಾಗ ಜಾಗ ಸಾಲದೆಂದು ಬಿಚ್ಚಿ ಮೂಲೆಗೆಸೆಯುವುದುಂಟು. ಆದ್ದರಿಂದ ಇಲ್ಲಿನ ಕೊಳ್ಳುಗನು ಕ್ಯಾಟಿನ ಜೊತೆಗೇ ಎರಡು ಪದರದ ಕವಚ ಬರುತ್ತದೆಯೇ, ಅದು ಕೆಳಮೈಯನ್ನೂ ಮುಚ್ಚುತ್ತದೆಯೇ ಎಂದು ನೋಡಬೇಕು. ಒಕ್ಕಣೆಯ ರಸ್ತೆ ದಾಟಿದ ಮೇಲೆ ಕಾರನ್ನು ಹೊಟ್ಟಿಲ್ಲದ ಬಯಲು ಜಾಗದಲ್ಲಿ ನಿಲ್ಲಿಸಿ, ಡಬ್ಬಿ ಆರುವವರೆಗೆ ಕಾದು, ಬಗ್ಗಿ ನೋಡಿ, ಸಿಕ್ಕಿಕೊಂಡ ಕಡ್ಡಿಗಳನ್ನು ಕೊಕ್ಕೆಯಿಂದ ಎಳೆದು ತೆಗೆಯಬೇಕು.