ಮುಖವಾಡ ಕಳಚಿದ ವೀರ

ಗಗನಚುಂಬಿ ಸೌಧಗಳ ನಡುವೆ ಬಲೆಯ ಎಳೆ ಹಿಡಿದು ತೂಗುತ್ತ ದುಷ್ಟಶಿಕ್ಷಣಗೈಯುವ ಸ್ಪೈಡರ್‌ಮ್ಯಾನನ ಕಥೆಗಳನ್ನು ಬಾಲವಿನೋದವೆಂದು ಬದಿಗಿರಿಸುವ ಪ್ರೌಢರ ಕೈಗೆ, 1984ರ ಜನವರಿಯ 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್' 248ನೆಯ ಸಂಚಿಕೆಯಲ್ಲಿ ಉಪಕಥೆಯಾಗಿ ಅಚ್ಚಾದ, ರೋಜರ್ ಸ್ಟರ್ನ್ ಬರೆದು ರಾನ್ ಫ್ರೆಂಜ್ ಚಿತ್ರಿಸಿದ 'ದಿ ಕಿಡ್ ಹೂ ಕಲೆಕ್ಟ್ಸ್ ಸ್ಪೈಡರ್‌ಮ್ಯಾನ್' ಎಂಬ ಕಿರುಗತೆಯನ್ನು ಕೊಡಬೇಕೆಂಬುದು ನನ್ನ ಬಹುದಿನದ ಅಭಿಲಾಷೆ. ಮುಖ್ಯಕಥೆಯ ಬಾಲವಾಗಿ ಬಂದುದು ಮುಖ್ಯಕಥೆಯನ್ನೇ ಮರೆಯಿಸಿತೆಂಬುದು ವಿನೋದದ ಸಂಗತಿ!

ಟಿಮ್ ಹ್ಯಾರಿಸನ್ ಎಂಬ ಒಂಬತ್ತು ವರ್ಷದ ಬಾಲಕನ ಕೋಣೆಗೆ ಒಂದಿರುಳು ಬಂದಿಳಿವ ಈ ವೀರನು, ಹುಡುಗನು ಅಕ್ಕರೆಯಿಂದ ಕೂಡಿಟ್ಟ ಪತ್ರಿಕೆಯ ತುಣುಕುಗಳನ್ನೂ, ಎಂದೋ ದರೋಡೆಕೋರರು ತನ್ನ ಮೇಲೆ ಹಾರಿಸಿದ್ದ ಗುಂಡುಗಳನ್ನೂ ಕಂಡು ಬೆರಗಾಗಿ, ಮಾತಿನ ಮಧ್ಯೆ, ಪ್ರಾಣಸ್ನೇಹಿತರಿಗೂ ತೋರದಿದ್ದ ಮುಖವನ್ನು ತೆರೆದು, ತಾನು ಉಪೇಕ್ಷಿಸಿ ಬಿಟ್ಟ ಕಳ್ಳನೇ ತನ್ನ ದೊಡ್ಡಪ್ಪನನ್ನು ಕೊಂದ ಪಾಪದ ಹೊರೆಯನ್ನು ಆ ಮಗುವಿನೆದುರು ಇಳಿಸುವನು. ಫ್ರೆಂಜರ ರೇಖೆಗಳು ಇಲ್ಲಿ ಬಾಹುಬಲವನ್ನು ಮರೆತು, ಹಾಸಿಗೆಯ ಅಂಚಿನಲ್ಲಿ ಕುಳಿತ ಒಬ್ಬ ಸಾಮಾನ್ಯ ತರುಣನ ಮುಖಭಾವವನ್ನಷ್ಟೇ ಹಿಂಬಾಲಿಸುತ್ತವೆ.

ಇಂಥ ಗುಟ್ಟನ್ನು ಈ ಹುಡುಗನಿಗೇ ಏಕೆ ಒಪ್ಪಿಸಿದನೆಂಬುದಕ್ಕೆ ಉತ್ತರ ಕೊನೆಯ ಪುಟದ ಹೆಬ್ಬಾಗಿಲ ಫಲಕದಲ್ಲಿದೆ. ದಯವಿಟ್ಟು ಆ ಪುಟವನ್ನು ಮೊದಲೇ ತಿರುವಬೇಡಿರಿ.